ನೆನಾಳ ತಟ್ಟೆಯ ಮೂರನೆಯ ಬಟ್ಟಲು

ಕೊನ್ಯಿತ್ಸ್
೧೧ ಫೆಬ್ರವರಿ

ಪರಮಪೂಜ್ಯಳೂ ಬಿಹಾಚ್ ಪಟ್ಟಣದ ಸೊಸೆಯೂ ಆದ ಅಕ್ಕ ಸಬಿನಾಳಿಗೆ,

ತಂಗಿ ಇಲ್ಮಾ ತಲೆಬಾಗಿ ಸಲಾಮ್ ಹೇಳಿ ಬರೆಯುವುದೇನೆಂದರೆ, ನಿನ್ನ ಕಾಗದ ಬಂದು ತಿಂಗಳಾಯಿತು, ಉತ್ತರ ಈಗ ಹೊರಡುತ್ತಿದೆ, ಕ್ಷಮೆ ಇರಲಿ. "ಫೋನಲ್ಲಿ ಬರೀ ತಮಾಷೆ ಮಾಡ್ತೀಯ, ಕಾಗದ ಬರೆದ್ರೆ ಒಂದಾದ್ರೂ ನಿಜ ಹೇಳ್ತೀಯೇನೋ" ಎಂದು ಬರೆದಿದ್ದೆಯಲ್ಲ, ಆ ಒಂದು ನಿಜವನ್ನು ಹುಡುಕುವುದರಲ್ಲೇ ಇಷ್ಟು ದಿನ ಕಳೆಯಿತು. ಇನ್ನೂ ಸಿಕ್ಕಿಲ್ಲ. ಸಿಕ್ಕಿದ ಕೂಡಲೇ ಕಳಿಸುತ್ತೇನೆ.

ಮನೆಯಲ್ಲಿ ಎಲ್ಲರೂ ಸೌಖ್ಯ. ಅಪ್ಪ ಯಾವುದೋ ಹೋಟೆಲಿನವರಿಗೆ ಆಕ್ರೋಟ ಮರದ ಪೆಟ್ಟಿಗೆಯೊಂದನ್ನು ಕೆತ್ತುತ್ತಿದ್ದಾನೆ. ಊಟದ ತಟ್ಟೆಯಲ್ಲೂ ಮರದ ಹೊಟ್ಟು. ನಾನು ಮಧ್ಯಾಹ್ನದಿಂದ ಬಸ್ ನಿಲ್ದಾಣದ ಕಿಟಕಿಯಲ್ಲಿ ಕೂತು ಟಿಕೆಟ್ ಕೊಡುತ್ತೇನೆ. ಮೊಸ್ತಾರ್‌ಗೆ ಹೊರಟವರಿಗೆ "ಸಂಬಂಧಿಕರ ಮನೆಗಾ? ಬರ್ತೀವಂತ ಹೇಳಿದ್ದೀರಾ?" ಎಂದು ಗಂಭೀರವಾಗಿ ಕೇಳಿ ನಾಲ್ಕು ಜನರನ್ನಾದರೂ ಯೋಚನೆಗೆ ಹಚ್ಚದಿದ್ದರೆ ನನಗೆ ದಿನ ಕಳೆದಂತೆನಿಸುವುದಿಲ್ಲ.

ನಮ್ಮಿಬ್ಬರಿಗೂ ಅಜ್ಜಿಯಾದರೂ ಹೆಚ್ಚಿನ ಪಾಲು ನಿನ್ನವಳೇ ಆದ ನೆನಾ ಮಾತ್ರ ಸೌಖ್ಯಕ್ಕಿಂತ ಒಂದು ಮೆಟ್ಟಿಲು ಮೇಲಿದ್ದಾಳೆ. ನನ್ನ ದೂರು ಅದೇ.

ವಿವರವಾಗಿ ಹೇಳುತ್ತೇನೆ. ನಮ್ಮ ಎದುರಿನ ಖಾಲಿ ಮನೆಗೆ ಶ್ರೀಯುತ ಶೆಫ್ಕೆತ್ ಎಂಬ ನಿವೃತ್ತ ಔಷಧದಂಗಡಿಯವರು ಬಂದು ನೆಲೆಸಿದ್ದಾರೆ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿದೆ, ಮಕ್ಕಳಿಲ್ಲ, ಇಸ್ತ್ರಿ ಮಾಡಿದ ಕರವಸ್ತ್ರ ಇದೆ. ಮೊದಲ ದಿನ ಏಣಿ ಕೇಳಲು ಬಂದರು. ನೆನಾ ಆಗತಾನೇ ತಾಮ್ರದ ಕುಡಿಕೆಯನ್ನು ಒಲೆಯಿಂದ ಇಳಿಸಿದ್ದಳು. ತಟ್ಟೆಯಲ್ಲಿ ಎಂದಿನಂತೆ ಮೂರು ಬಟ್ಟಲು: ಒಂದು ಅವಳದು, ಒಂದು ನನ್ನದು, ಒಂದು ಕವುಚಿ ಇಟ್ಟದ್ದು. ಯಾರಾದರೂ ಬಂದುಬಿಟ್ಟರೆ ಎಂದು ಅವಳು ದಿನವೂ ಇಡುವ ಆ ಹೆಚ್ಚಿನ ಬಟ್ಟಲು ನಿನಗೆ ಗೊತ್ತೇ ಇದೆ. ನನ್ನ ಇಪ್ಪತ್ತು ವರ್ಷದ ಆಯುಷ್ಯದಲ್ಲಿ ಅದನ್ನು ತೊಳೆಯುವ ಸಂದರ್ಭ ಬಂದದ್ದು ಕಡಿಮೆ. ಅವತ್ತು ನೆನಾ ಅದನ್ನು ಎತ್ತಿ ತಿರುಗಿಸಿದಳು.

"ಕೂತ್ಕೊಳ್ಳಿ ಶೆಫ್ಕೆತ್ ಅವ್ರೇ, ಏಣಿ ಎಲ್ಲಿಗೂ ಓಡಿಹೋಗಲ್ಲ."

ಅವರು ಕೂತರು. ಎಲ್ಲಿ ಕೂತರು ಎಂದು ಕೇಳು. ನೆನಾಳ ಎದುರಿನ ಗಿಡ್ಡ ಸ್ಟೂಲಿನ ಮೇಲೆ. ಮೊದಲು ನಿನ್ನದಾಗಿದ್ದು ಈಗ ನನ್ನದಾಗಿರುವ ಸ್ಟೂಲಿನ ಮೇಲೆ. ಅವರಿಗೆ ಮಂಡಿ ನೋವಂತೆ, ಬೇರೆ ಕಡೆ ಕೂತರೆ ಏಳಲಾಗುವುದಿಲ್ಲವಂತೆ. ನಾನು ಕಿಟಕಿಯ ಕಟ್ಟೆ ಹತ್ತಿ ಕೂತೆ. ಅವತ್ತಿನಿಂದ ದಿನವೂ ಬರುತ್ತಾರೆ. ಏಣಿಯನ್ನು ಇನ್ನೂ ತೆಗೆದುಕೊಂಡು ಹೋಗಿಲ್ಲ.

ಬರುವಾಗ ಜೇಬಿನಲ್ಲಿ ಪತ್ರಿಕೆಯ ತುಣುಕುಗಳು. ಕಾಫಿ ಕುಡಿದರೆ ಯಕೃತ್ತಿಗೆ ಒಳ್ಳೆಯದು, ಸಕ್ಕರೆ ಕಾಯಿಲೆ ದೂರ, ಮರೆವು ದೂರ, ಮಂಕು ಕವಿಯುವುದಿಲ್ಲ. ಒಂದೊಂದನ್ನೂ ಕನ್ನಡಕ ಹಾಕಿ ಓದುತ್ತಾರೆ. ನೆನಾ ಸಕ್ಕರೆ ಉಂಡೆಯ ಮೂಲೆಯನ್ನು ಕಾಫಿಗೆ ಅದ್ದಿ ಕಚ್ಚುತ್ತ ಕೇಳುತ್ತಾಳೆ.

"ನಂಗೆ ಎಪ್ಪತ್ತಾರು, ಪತ್ರಿಕೆ ಓದದೇನೇ ಇದನ್ನೆಲ್ಲಾ ಮಾಡ್ಕೊಂಡು ಬಂದಿದೀನಲ್ಲಾ" ಎನ್ನುತ್ತಾಳೆ.

"ಅದಕ್ಕೇ ಇಷ್ಟು ಚೆನ್ನಾಗಿದ್ದೀರಿ. ಆದ್ರೆ ತಳದ ಗಸಿ ಬಿಟ್ಬಿಡಿ, ಕೊಲೆಸ್ಟ್ರಾಲಿಗೆ ಆಗಲ್ಲ. ಮತ್ತೆ ಮಾತ್ರೆ ಮೊದ್ಲು, ಕಾಫಿ ಆಮೇಲೆ."

ನೆನಾ ಮಾತ್ರೆ ನುಂಗುತ್ತಾಳೆ ಅಕ್ಕಾ. ನಾನು ಎರಡು ವರ್ಷ ಬೇಡಿ, ಬೈದು, ಜಾಮ್ ಒಳಗೆ ಬಚ್ಚಿಟ್ಟು ಕೊಟ್ಟರೂ ಉಗಿಯುತ್ತಿದ್ದ ಆ ಬಿಳಿ ಮಾತ್ರೆಯನ್ನು ಆ ಮನುಷ್ಯ ಕರವಸ್ತ್ರದಲ್ಲಿ ಮುಂದೆ ಹಿಡಿದರೆ ಸಾಕು, ಶಾಲೆಯ ಹುಡುಗಿಯ ಹಾಗೆ ನುಂಗುತ್ತಾಳೆ. ಹೋದ ವಾರ ಆಸ್ಪತ್ರೆಯಲ್ಲಿ ನೋಡಿದರೆ ರಕ್ತದೊತ್ತಡ ಇಳಿದಿದೆ. ಅಮ್ಮ ಖುಷಿಯಿಂದ ಕಡುಬು ಬೇಯಿಸಿದಳು. ನಾನೂ ತಿಂದೆ. ಒತ್ತಡ ಇಳಿಯಬಾರದಿತ್ತು ಎಂದಲ್ಲ. ನನ್ನಿಂದ ಇಳಿಯಬೇಕಿತ್ತು.

ಇನ್ನು ಇತಿಹಾಸದ ವಿಷಯ. ನೆನಾಳ ಹಿತ್ತಾಳೆಯ ಕಾಫಿ ಗಿರಣಿಯ ಹಿಡಿ ಸಡಿಲವಾಗಿದೆ. "ಹಳೇ ಗಿರಣಿ ಮಂಚದ ಪೆಟ್ಟಿಗೇಲಿದೆ ತೆಗಿ, ಶೆಫ್ಕೆತ್ ಅವ್ರು ಎರಡೂ ಸೇರಿಸಿ ಒಂದು ಮಾಡ್ತಾರಂತೆ" ಎಂದಳು. ಹುಡುಕುವಾಗ ಗಿರಣಿಯ ಜೊತೆ ನನ್ನ ಹಳೆಯ ದಿನಚರಿ ಸಿಕ್ಕಿತು. ಹತ್ತನೆಯ ವಯಸ್ಸಿನಲ್ಲಿ ಶುರುಮಾಡಿದ್ದು, ಹೊದಿಕೆಯ ಮೇಲೆ ಕುದುರೆ. ಮೊದಲ ಪುಟದಿಂದ ನಿನಗಾಗಿ ನಕಲಿಸುತ್ತಿದ್ದೇನೆ:

"ಇವತ್ತು ಸಬಿನಾಗೆ ಬಟ್ಟಲು ಕೊಟ್ಟರು. ನನಗೆ ಹಾಲು. ಚಿಕ್ಕವರು ಕಾಫಿ ಕುಡಿದರೆ ಬಾಲ ಬರುತ್ತದೆ ಎಂದು ನೆನಾ ಹೇಳಿದಳು. ಸಬಿನಾಗೆ ಬಾಲ ಬರಲಿ ದೇವರೇ."

ಮರುದಿನ: "ಸಬಿನಾ ಸ್ಟೂಲಿನ ಮೇಲೆ ಕೂತಾಗ ಹಿಂದೆ ಹೋಗಿ ನೋಡಿದೆ. ಇನ್ನೂ ಬಂದಿಲ್ಲ."

ಅದರ ಮುಂದೆ: "ಅವಳೂ ಸಕ್ಕರೆ ಅದ್ದಿ ಕಚ್ಚುತ್ತಾಳೆ, ಥೇಟ್ ನೆನಾ ಹಾಗೆ. ಇಬ್ಬರೂ ಒಟ್ಟಿಗೆ ನಗುತ್ತಾರೆ. ನನಗೆ ಹೇಳುವುದಿಲ್ಲ."

ಮೊದಲಿನ ಪುಟಗಳಿಗೆ ಹೊಟ್ಟೆ ಹಿಡಿದು ನಕ್ಕೆ. ಆಮೇಲೆ ನಗು ಕಡಿಮೆಯಾಯಿತು. ಆ ವರ್ಷ ಶಾಲೆಯಲ್ಲಿ ನನಗೆ ಓಟದಲ್ಲಿ ಬಹುಮಾನ ಬಂದಿತ್ತಂತೆ, ಅದಕ್ಕೆ ಅರ್ಧ ಸಾಲು. ನಿನ್ನ ಸಕ್ಕರೆ ಉಂಡೆಗೆ ಎರಡು ಪುಟ. ಹಿಮ ಬಿದ್ದಿರಲಿ, ಹೊಳೆ ಉಕ್ಕಿರಲಿ, ಪ್ರತಿ ದಿನದ ಕೊನೆಗೆ ಸ್ಟೂಲಿನ ಮೇಲೆ ಯಾರು ಕೂತಿದ್ದರು ಎಂಬ ಸುದ್ದಿ. ಐದು ವರ್ಷ ಹೀಗೇ ನಡೆದು, ನಿನ್ನ ಮದುವೆಯ ಮರುದಿನಕ್ಕೆ ದಿನಚರಿ ನಿಂತಿದೆ. ಕೊನೆಯ ಸಾಲು: "ಇವತ್ತು ಬೆಳಿಗ್ಗೆ ನೆನಾ ನನಗೆ ಬಟ್ಟಲು ಕೊಟ್ಟಳು." ಆಮೇಲೆಲ್ಲ ಖಾಲಿ ಹಾಳೆ. ಸುಖವಾಗಿರುವವರು ದಿನಚರಿ ಬರೆಯುವುದಿಲ್ಲವೆಂದು ಮುಂದಿನ ಇತಿಹಾಸಕಾರರು ತೀರ್ಮಾನಿಸಲಿ.

ವಯಸ್ಸಿನಲ್ಲಿ ಚಿಕ್ಕವಳಾದರೂ ದುಃಖದಲ್ಲಿ ಹಿರಿಯಳಾದ್ದರಿಂದ ನಿನ್ನನ್ನೂ ಭಾವನನ್ನೂ ಆಶೀರ್ವದಿಸುತ್ತೇನೆ. ನಿಮ್ಮ ಮನೆಗೆ ಏಣಿ ಕೇಳುವವರು ಯಾರೂ ಬಾರದಿರಲಿ.

ನಿನ್ನ ತಂಗಿ,
ಇಲ್ಮಾ

ವಿ.ಸೂ.: ನಿನಗೆ ಈಗಲಾದರೂ ಬಾಲ ಬಂದಿದೆಯೇ, ಭಾವನಿಂದ ಪರೀಕ್ಷೆ ಮಾಡಿಸಿ ತಿಳಿಸು. ದಿನಚರಿಯನ್ನು ಪೂರ್ತಿ ಮಾಡಬೇಕಾಗಿದೆ.


ಕೊನ್ಯಿತ್ಸ್
೨ ಮಾರ್ಚ್

ಬಾಲವಿಲ್ಲದ ಅಕ್ಕನಿಗೆ,

ನಿನ್ನ ಉತ್ತರ ತಲುಪಿತು. ತಡವಾಗಿ ಬರೆಯುತ್ತಿರುವುದಕ್ಕೆ ಈ ಸಲ ಕ್ಷಮೆ ಕೇಳುವುದಿಲ್ಲ, ಯುದ್ಧದಲ್ಲಿದ್ದವರಿಗೆ ವಿನಾಯಿತಿ ಉಂಟು. "ಪಾಪ, ವಯಸ್ಸಾದವ್ರು, ನೆನಾಗೂ ಜೊತೆ ಆಯ್ತು, ನಿಂಗೇನು ನಷ್ಟ?" ಎಂದು ಬರೆದಿದ್ದೀ. ಬಿಹಾಚ್‌ನಲ್ಲಿ ಕೂತು ಉದಾರವಾಗಿರುವುದು ಸುಲಭ.

ಮೊದಲು ವಿಜ್ಞಾನದ ಮಾರ್ಗ ಹಿಡಿದೆ. ನಿಲ್ದಾಣದ ಕಚೇರಿಯ ಕಂಪ್ಯೂಟರಿನಲ್ಲಿ, ಪತ್ರಿಕೆಯಲ್ಲಿ ಬರುವಂತೆಯೇ ಎರಡು ಕಾಲಮಿನ ಸುದ್ದಿಯೊಂದನ್ನು ತಯಾರಿಸಿ, ಕತ್ತರಿಸಿ, ಚಹದ ನೀರಿನಲ್ಲಿ ಹಳದಿ ಮಾಡಿ, ಬೆಳಿಗ್ಗೆ ಶೆಫ್ಕೆತ್ ಅವರ ತುಣುಕುಗಳ ನಡುವೆ ಸೇರಿಸಿದೆ. ಅವರು ಕನ್ನಡಕ ಹಾಕಿ ಓದತೊಡಗಿದರು: "ಔಷಧ ವ್ಯಾಪಾರದಿಂದ ನಿವೃತ್ತರಾದ ಗಂಡಸರ ಎದುರು ಕೂತು ಕಾಫಿ ಸೇವಿಸುವ ಹಿರಿಯ ಮಹಿಳೆಯರಲ್ಲಿ ನೂರಕ್ಕೆ ಎಪ್ಪತ್ತು ಮಂದಿಗೆ ಬಾಲ ಮೂಡುವ ಲಕ್ಷಣಗಳು ಕಂಡುಬಂದಿವೆ." ಕೊನೆಯವರೆಗೂ ಓದಿ, ಹಾಳೆ ತಿರುಗಿಸಿ ಹಿಂದೆಯೂ ನೋಡಿದರು.

"ಸಂಶೋಧನೆ ಎಲ್ಲಿ ನಡೀತು ಅಂತ ಬರೆದಿಲ್ವಲ್ಲಾ" ಎಂದರು.

"ಈ ಮನೇಲೇ" ಎಂದಳು ನೆನಾ. "ಸಂಶೋಧನೆ ಮಾಡಿದವಳು ಕಿಟಕೀಲಿ ಕೂತಿದಾಳೆ. ಇಳಿಸಿ ಹಿಂದೆ ನೋಡಿ, ಅವಳಿಗಾಗ್ಲೇ ಬಂದಿರ್ಬೇಕು."

ಇಬ್ಬರೂ ನಕ್ಕರು. ಒಟ್ಟಿಗೆ. ದಿನಚರಿಯಲ್ಲಿ ಬರೆದಿದ್ದೆನಲ್ಲ, ಅದೇ ನಗು. ಶೆಫ್ಕೆತ್ ಅವರು ಆ ತುಣುಕನ್ನು ಮಡಿಸಿ ಜೇಬಿಗೆ ಹಾಕಿಕೊಂಡರು, "ಇದು ನನ್ಹತ್ರ ಇರ್ಲಿ, ಇಷ್ಟು ಒಳ್ಳೇದು ಯಾವ ಪತ್ರಿಕೇಲೂ ಬರಲ್ಲ" ಎಂದರು. ಶತ್ರು ಹೀಗೆ ನಡೆದುಕೊಂಡರೆ ಯುದ್ಧ ಮಾಡುವುದು ಹೇಗೆ ಹೇಳು.

ಅದನ್ನು ಸಹಿಸಿದ್ದೆ. ಸಹಿಸಲಾರದ್ದು ಆಮೇಲೆ ನಡೆಯಿತು. ನೆನಾ ರೈಲು ತಪ್ಪಿಸಿಕೊಂಡ ಕಥೆ ಇದೆಯಲ್ಲ, ಹದಿನೇಳನೆಯ ವಯಸ್ಸಿನಲ್ಲಿ ಸರಾಯೆವೊದಲ್ಲಿ ಕೊನೆಯ ರೈಲು ಹೋಗಿಬಿಟ್ಟದ್ದು. ನನಗೂ ನಿನಗೂ ಬಾಯಿಪಾಠ. ಅವಳು "ರೈಲು ನನ್ನ ಕಣ್ಣೆದುರೇ ಹೋಯ್ತು" ಎಂದೊಡನೆ ನಾನು ಯಾವತ್ತಿನ ಹಾಗೆ "ಬೆಳಗಾಗೋ ತನಕ ಪೆಟ್ಟಿಗೆ ಮೇಲೆ ಕೂತಿದ್ದೆ" ಎಂದು ಮುಗಿಸಿದೆ. ಕಥೆ ಅಷ್ಟೇ. ಅಷ್ಟೇ ಎಂದು ತಿಳಿದಿದ್ದೆ. ಆ ಮನುಷ್ಯ ಬಟ್ಟಲು ಕೆಳಗಿಟ್ಟು, "ಆಮೇಲೆ?" ಎಂದು ಕೇಳಿದರು.

ನೆನಾ ತನ್ನ ಬಟ್ಟಲನ್ನೂ ಕೆಳಗಿಟ್ಟಳು. ಆಮೇಲೆ ಹೇಳಿದಳು. ನಿಲ್ದಾಣ ಗುಡಿಸುವ ಹೆಂಗಸೊಬ್ಬಳು ಪೊರಕೆ ಗೋಡೆಗೆ ಒರಗಿಸಿ ಇವಳ ಪಕ್ಕ ಕೂತಳಂತೆ. ಗಂಟು ಬಿಚ್ಚಿ ಕುಡಿಕೆ ತೆಗೆದಳಂತೆ. ಅವಳ ಹತ್ತಿರ ಎರಡು ಬಟ್ಟಲಿದ್ದವಂತೆ. "ಎರಡ್ಯಾಕೆ ಇಟ್ಕೊಂಡಿದೀರಿ?" ಎಂದು ನೆನಾ ಕೇಳಿದರೆ, "ನೀನು ಬರ್ತೀಯಲ್ಲಾ ಅದಕ್ಕೆ" ಎಂದಳಂತೆ. ನೆನಾ ಹುಟ್ಟಿದ ಮೇಲೆ ಕುಡಿದ ಮೊದಲ ಕಾಫಿ ಅದು.

"ಅವತ್ತಿಂದ ನಾನೂ ಒಂದು ಬಟ್ಟಲು ಹೆಚ್ಚಿಗೆ ಇಡ್ತೀನಿ" ಎಂದಳು.

ಅಕ್ಕಾ, ಇದು ನಿನಗೆ ಗೊತ್ತಿತ್ತೇ? ಗೊತ್ತಿದ್ದರೆ ಹೇಳಬೇಡ. ಐದು ವರ್ಷ ದಿನವೂ ಅವಳ ಎದುರು ಕೂತು ಕಾಫಿ ಕುಡಿದೆ, ಆ ಕಥೆಯ ಬಾಲವನ್ನು ದಿನವೂ ನಾನೇ ಕತ್ತರಿಸಿದೆ. ಅವರು ಬಂದು ಒಂದು ಮಾತು ಕೇಳಿ ಎತ್ತಿಕೊಂಡು ಹೋದರು.

ಆದ್ದರಿಂದ ಮೊನ್ನೆ ಮಂಗಳವಾರ ಕ್ರಮ ಕೈಗೊಳ್ಳಲಾಯಿತು. ಮೊದಲನೆಯದಾದ ಬರಮಾಡಿಕೊಳ್ಳುವ ಕಾಫಿ ಆಗಿತ್ತು, ಎರಡನೆಯದಾದ ಮಾತಿನ ಕಾಫಿಯೂ ಮುಗಿದಿತ್ತು. ಅಷ್ಟರಲ್ಲಿ ನೀನು ಫೋನ್ ಮಾಡಿದೆ, ನೆನಾ ಒಳಗೆ ಹೋದಳು. ನಾನು ಒಲೆ ಹಚ್ಚಿ ಹೊಸದಾಗಿ ಒಂದೇ ಬಟ್ಟಲು ಕಾಸಿ, ಲೋಕುಮ್ ಮಿಠಾಯಿಯಿಲ್ಲ, ಸಕ್ಕರೆಯಿಲ್ಲ, ಚಿಕ್ಕ ತಟ್ಟೆಯಲ್ಲಿಟ್ಟು ತಂದು ಅವರ ಮುಂದೆ ಇಟ್ಟೆ. ರಾಯಭಾರಿಗೆ ಪತ್ರ ಒಪ್ಪಿಸುವ ಹಾಗೆ ಎರಡು ಹೆಜ್ಜೆ ಹಿಂದೆ ಸರಿದು ನಿಂತೆ.

ಕೇಳದೆ ಬಂದ ಮೂರನೆಯ ಕಾಫಿ ಎಂದರೇನೆಂದು ಈ ನಾಡಿನಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಹೊರಡು ಕಾಫಿ. ಇಟ್ಟಮೇಲೆ ಅತಿಥಿ ಕುಡಿದು ಏಳಬೇಕು, ಬೇರೆ ಮಾತಿಲ್ಲ. ನೆನಾ ಅದನ್ನು ಯಾರಿಗೂ ಕೊಟ್ಟದ್ದನ್ನು ನಾನು ಕಂಡಿಲ್ಲ.

ಅವರು ಬಟ್ಟಲನ್ನು ನೋಡಿದರು. ನನ್ನನ್ನು ನೋಡಲಿಲ್ಲ, ಒಳಬಾಗಿಲ ಕಡೆ ನೋಡಿದರು. ನೆನಾ ಫೋನಿನಲ್ಲಿ ನಿನ್ನ ಜೊತೆ ನಗುತ್ತಿದ್ದಳು. ಕಾಫಿಯನ್ನು ನಿಧಾನವಾಗಿ, ಗಸಿ ಬಿಟ್ಟು, ಕುಡಿದು ಮುಗಿಸಿದರು. ಟೋಪಿ ಹಾಕಿಕೊಂಡರು. "ಕೈಗೆ ಪುಣ್ಯ ಬರ್ಲಿ ಮಗಳೇ" ಎಂದು ಹೋದರು. ಏಣಿಯನ್ನು ಕೇಳಲಿಲ್ಲ.

"ಹೋದ್ರಾ?" ಎಂದಳು ನೆನಾ ಬಂದು.

"ಕೆಲಸ ಇತ್ತಂತೆ."

ಸ್ಟೂಲಿನ ಮೇಲೆ ಕೂತೆ. ಇನ್ನೂ ಬೆಚ್ಚಗಿತ್ತು.

ವಿಜಯಿಯಾದ ತಂಗಿಯ ಹಾರೈಕೆಗಳು. ದೇವರು ನಿನ್ನ ಒಲೆಯನ್ನು ಆರದಂತೆ ಇಡಲಿ.

ಇಲ್ಮಾ

ವಿ.ಸೂ.: ನೀನು ಫೋನ್ ಮಾಡಿದ ಹೊತ್ತು ಬಹಳ ಪ್ರಶಸ್ತವಾಗಿತ್ತು. ಇತಿಹಾಸ ನಿನ್ನನ್ನು ಮರೆಯುವುದಿಲ್ಲ.


ಕೊನ್ಯಿತ್ಸ್
೧೯ ಮಾರ್ಚ್

ಪ್ರೀತಿಯ ಅಕ್ಕ,

ಸಲಾಮ್. ನೀನು ಎರಡು ಸಲ ಫೋನ್ ಮಾಡಿದಾಗಲೂ ನಾನು ಸ್ನಾನಕ್ಕೆ ಹೋಗಿದ್ದೇನೆಂದು ಅಮ್ಮನ ಕೈಲಿ ಹೇಳಿಸಿದೆ. ಅಷ್ಟು ಶುಚಿಯಾದವಳು ನಾನಲ್ಲವೆಂದು ನಿನಗೆ ಗೊತ್ತು. ಕ್ಷಮಿಸು.

ಮರುದಿನ ಅವರು ಬರಲಿಲ್ಲ. ನೆನಾ ತಟ್ಟೆಯಲ್ಲಿ ನಾಲ್ಕು ಬಟ್ಟಲು ಇಟ್ಟಿದ್ದಳು. ಈಗೀಗ ಅವರದ್ದೂ ಲೆಕ್ಕಕ್ಕೆ ಸೇರಿ, ಹೆಚ್ಚಿನದು ಬೇರೆ. ನೊರೆ ಇಳಿಯಿತು, ಕಾಫಿ ಆರಿತು, ಅವಳು ಕುಡಿಯಲಿಲ್ಲ. ನಾನು ಎದುರಿಗೆ ಕೂತು ನಿಲ್ದಾಣದ ಸುದ್ದಿಯನ್ನೆಲ್ಲ ಹೇಳಿದೆ, ಇಲ್ಲದ ಸುದ್ದಿಯನ್ನೂ ಹೇಳಿದೆ. ಮೇಕೆಗೆ ಟಿಕೆಟ್ ಕೇಳಿದವನ ಕಥೆಗೂ ನಗಲಿಲ್ಲ. ಬಾಗಿಲ ಕಡೆಗೇ ಕಣ್ಣು. ಮಾತ್ರೆಯನ್ನು ನಾನೇ ಕರವಸ್ತ್ರದಲ್ಲಿ ಹಿಡಿದೆ, ಇಸ್ತ್ರಿ ಕೂಡ ಮಾಡಿದ್ದೆ. "ಅಲ್ಲಿಡು" ಎಂದಳು. ಅದು ಅಲ್ಲೇ ಉಳಿಯಿತು.

ಅದರ ಮುಂದಿನ ದಿನವೂ ಹಾಗೇ. ಸ್ಟೂಲು ನನ್ನದಾಗಿತ್ತು, ಎದುರಿಗೆ ಯಾರೂ ಇರಲಿಲ್ಲ.

ಆಮೇಲೊಂದು ಬೆಳಿಗ್ಗೆ ಒಲೆಯ ಪಕ್ಕ ತೊಳೆದಿಟ್ಟ ಆ ಚಿಕ್ಕ ತಟ್ಟೆಯನ್ನು ಕೈಗೆತ್ತಿಕೊಂಡು ಕೇಳಿದಳು.

"ಇದನ್ನ ನಾನು ಹಬ್ಬಕ್ಕೆ ಬಿಟ್ರೆ ತೆಗಿಯಲ್ಲ. ಯಾರು ತೆಗೆದ್ರು?"

ನಾನು ಒರೆಸಿದ ಬಟ್ಟಲನ್ನೇ ಮತ್ತೆ ಒರೆಸಿದೆ.

"ಅವತ್ತು ಅವ್ರಿಗೆ ಇದ್ರಲ್ಲಿ ಏನ್ ಕೊಟ್ಟೆ ಇಲ್ಮಾ?"

"ಕಾಫಿ."

"ಎಷ್ಟನೇದು?"

ಬೈದಿದ್ದರೆ ಚೆನ್ನಾಗಿತ್ತು. ಸೈತಾನ್ ಮರಿ ಎಂದಿದ್ದರೆ ಕಾಲು ಹಿಡಿದು ನಗಿಸುತ್ತಿದ್ದೆ. ಅವಳು ಹೊಸದಾಗಿ ಕಾಳು ಬೀಸಿದಳು, ಕುಡಿಕೆ ಇಟ್ಟಳು, ನೊರೆ ಏರುವ ತನಕ ಕಾದಳು. ದೊಡ್ಡ ತಟ್ಟೆಯಲ್ಲಿ ಎಲ್ಲ ಜೋಡಿಸಿ ಮೇಲೊಂದು ಬಟ್ಟೆ ಮುಚ್ಚಿದಳು. ತಲೆವಸ್ತ್ರ ಬಿಗಿದುಕೊಂಡಳು. ಒಬ್ಬ ಗಂಡಸಿನ ಮನೆಗೆ ಅವಳು ತಾನಾಗಿ ಕಾಫಿ ಹೊತ್ತು ಬೀದಿ ದಾಟುವುದೆಂದರೇನು, ನೀನೇ ಯೋಚನೆ ಮಾಡು. ಪಕ್ಕದ ಮನೆಯ ಹೈರಿಯಾ ಪರದೆ ಎತ್ತಿ ನೋಡುತ್ತಿದ್ದಳು.

"ಎಲ್ಲಿಗೆ ಹೊರಟ್ರಿ ಇಷ್ಟು ಹೊತ್ತಿಗೇ?" ಎಂದು ಕೇಳಿಯೂ ಕೇಳಿದಳು.

"ಕಾಫಿಗೆ. ನಿಂಗೂ ಬೇಕಾದ್ರೆ ಕಿಟಕಿ ಬಿಟ್ಟು ಬಾ" ಎಂದಳು ನೆನಾ.

ತಟ್ಟೆ ಭಾರವಾಗಿತ್ತು. ನಾನು ಓಡಿಹೋಗಿ ತಟ್ಟೆ ತೆಗೆದುಕೊಂಡೆ. ಕೊಟ್ಟು, ಮುಂದೆ ನಡೆದಳು.

ಶೆಫ್ಕೆತ್ ಅವರು ಬಾಗಿಲು ತೆಗೆದರು. ಗಡ್ಡ ಬೋಳಿಸಿರಲಿಲ್ಲ. ಒಳಗೆ ಮೇಜಿನ ತುಂಬ ಪತ್ರಿಕೆಯ ತುಣುಕುಗಳು. ನಮ್ಮ ಮನೆಗೆ ಬಾರದ ದಿನಗಳದ್ದನ್ನೂ ಕತ್ತರಿಸಿ ಇಟ್ಟಿದ್ದರು ಅಕ್ಕಾ.

"ಆ ಕಾಫಿ ನಾನು ಕಳಿಸಿದ್ದಲ್ಲ" ಎಂದಳು ನೆನಾ, ಹೊಸ್ತಿಲಾಚೆ ನಿಂತೇ.

"ಇರಲಿಕ್ಕಿಲ್ಲ ಅಂತ ಅಂದ್ಕೊಂಡೆ" ಎಂದರು ಅವರು. "ಆದ್ರೆ ನಿಮ್ಮ ಮನೆ ಕಾಫಿ ಅಂದ್ರೆ ನಿಮ್ಮ ಮಾತೇ ಅಲ್ವಾ? ಬಂದು ಕೇಳೋಕೆ ಧೈರ್ಯ ಬರ್ಲಿಲ್ಲ."

ನಾನು ಯೋಚಿಸಿದ್ದು ಅಷ್ಟೂ ತಪ್ಪು. ನನ್ನ ಮೇಲೆ ಸಿಟ್ಟಾಗುತ್ತಾರೆ, ಹುಡುಗಿಯ ಹುಚ್ಚಾಟ ಎನ್ನುತ್ತಾರೆ ಎಂದುಕೊಂಡಿದ್ದೆ. ನಾನು ಅವರ ಲೆಕ್ಕದಲ್ಲೇ ಇರಲಿಲ್ಲ. ಅವರು ಅದನ್ನು ನೆನಾಳ ಮಾತೆಂದು ಕುಡಿದಿದ್ದರು. "ನಾನೇ ಕೊಟ್ಟಿದ್ದು" ಎಂದೆ. ನನ್ನ ದನಿಯಲ್ಲಿ ಗಾಂಭೀರ್ಯ ಇತ್ತು, ಮೊದಲ ಸಲ ಅದು ನಾಟಕವಾಗಿರಲಿಲ್ಲ.

ಶೆಫ್ಕೆತ್ ಅವರು ಬಾಗಿಲನ್ನು ಪೂರ್ತಿ ತೆರೆದರು. ಆಮೇಲೆ, "ನೊರೆ ಚೆನ್ನಾಗಿ ಬಂದಿತ್ತು. ಓಡಿಸೋಕೆ ಅಷ್ಟೊಳ್ಳೆ ಕಾಫಿ ಮಾಡ್ಬಾರ್ದು ಮಗಳೇ" ಎಂದರು.

"ಯಾರು ಕಲಿಸಿದ್ದು ಮತ್ತೆ" ಎಂದಳು ನೆನಾ.

ಅಡುಗೆಮನೆಯಲ್ಲಿ ಕೂತರು. ನಾನು ತಟ್ಟೆಯ ಬಟ್ಟೆ ತೆಗೆದೆ. ಮೂರು ಬಟ್ಟಲು. ಒಂದು ಅವಳದು, ಒಂದು ಅವರದು, ಒಂದು ನನ್ನದು ಎಂದು ಎಣಿಸಿ ಹಗುರಾದೆ. ಆಮೇಲೆ ನೋಡಿದರೆ ಮೂರನೆಯದು ಕವುಚಿ ಇಟ್ಟದ್ದು. ಅದು ಹೆಚ್ಚಿನದು. ಮನೆಯಿಂದ ಹೊರಡುವಾಗ ನಾನು ಹಿಂದೆ ಬರುತ್ತೇನೆಂದು ಅವಳು ಎಣಿಸಿರಲಿಲ್ಲ. ಬಾಗಿಲ ಪಕ್ಕ ನಿಂತೇ ಇದ್ದೆ. ನೆನಾ ಇಬ್ಬರಿಗೂ ಸುರಿದಳು, ನನ್ನ ಕಡೆ ಒಮ್ಮೆ ನೋಡಿದಳು, ಆ ಬಟ್ಟಲನ್ನು ಎತ್ತಿ ತಿರುಗಿಸಿ ತುಂಬಿದಳು. ನನ್ನ ಮುಂದೆ ಹಿಡಿದಳು. ತೆಗೆದುಕೊಂಡೆ. ನಿಲ್ದಾಣದಲ್ಲಿ ಪೆಟ್ಟಿಗೆಯ ಮೇಲೆ ಕೂತ ಹುಡುಗಿಯೂ ಹೀಗೇ ತೆಗೆದುಕೊಂಡಿರಬೇಕು.

ಈಗ ಎಲ್ಲ ಮೊದಲಿನಂತೆ. ಬೆಳಿಗ್ಗೆ ಅವರು ಬರುತ್ತಾರೆ, ಮಾತ್ರೆ ಮೊದಲು, ಕಾಫಿ ಆಮೇಲೆ. ನಿನ್ನೆಯ ತುಣುಕು ನೆನಪಿನ ಶಕ್ತಿಯ ಬಗ್ಗೆ. ದಿನವೂ ಕಾಫಿ ಕುಡಿಯುವ ಮುದುಕರಿಗೆ ಹೆಸರು, ಮುಖ ಬೇಗ ಮರೆಯುವುದಿಲ್ಲವಂತೆ. "ನಂಗೆ ಎಲ್ಲಾ ನೆನಪಿದೆ" ಎಂದಳು ನೆನಾ. ನಾನು ಕಿಟಕಿಯ ಕಟ್ಟೆಯ ಮೇಲೆ ಕೂರುತ್ತೇನೆ. ಎರಡು ಗಿರಣಿ ಸೇರಿಸಿ ಒಂದು ಮಾಡಿದ್ದಾರೆ, ಚೆನ್ನಾಗಿ ಬೀಸುತ್ತದೆ. ನಾನೂ ಈಗ "ಆಮೇಲೆ?" ಎಂದು ಕೇಳುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ಹೊಟ್ಟೆಕಿಚ್ಚು ಕಡಿಮೆಯಾಗಿದೆಯೇ ಎಂದು ಕೇಳಬೇಡ. ಅದಕ್ಕೆ ಇನ್ನೂ ಯಾವ ಪತ್ರಿಕೆಯಲ್ಲೂ ಔಷಧ ಬಂದಿಲ್ಲ.

ಬೈರಾಮ್ ಹಬ್ಬಕ್ಕೆ ಭಾವನನ್ನು ಕರೆದುಕೊಂಡು ಬಾ. ನಿಲ್ದಾಣದಲ್ಲಿ ನಾನೇ ಇಳಿಸಿಕೊಳ್ಳುತ್ತೇನೆ, "ಬರ್ತೀವಂತ ಹೇಳಿದ್ದೀರಾ?" ಎಂದು ಕೇಳುವುದಿಲ್ಲ. ದೇವರು ನಿನ್ನ ಮನೆಯಲ್ಲಿ ನಗು ಇಡಲಿ, ನಿನ್ನ ಕಾಲಿಗೆ ನಮ್ಮ ಮನೆಯ ದಾರಿ ಹತ್ತಿರವಾಗಲಿ.

ನಿನ್ನ
ಇಲ್ಮಾ

ವಿ.ಸೂ.: ನೀನು ಕೇಳಿದ ಆ ಒಂದು ನಿಜ ಸಿಕ್ಕಿತು. ದಿನಚರಿ ನಿಂತದ್ದು ಸುಖದಿಂದಲ್ಲ. ನಿನ್ನ ಮದುವೆಯ ಮರುದಿನ ಬೆಳಿಗ್ಗೆ ನೆನಾ ನನ್ನ ಮುಂದೆ ಬಟ್ಟಲು ಹಿಡಿದು, "ತಗೋ ಸಬಿನಾ" ಎಂದಳು. ಹಳೆಯ ರೂಢಿ, ನಾಲ್ಕು ದಿನದಲ್ಲಿ ಹೋಗುತ್ತದೆ ಎಂದುಕೊಂಡೆ. ಹೋಗಲಿಲ್ಲ. ಬೈಯುವಾಗ ಇಲ್ಮಾ, ಕೆಲಸ ಹೇಳುವಾಗ ಇಲ್ಮಾ, ಬಟ್ಟಲು ಕೊಡುವಾಗ ಮಾತ್ರ ಸಬಿನಾ, ಐದು ವರ್ಷದಿಂದ ಪ್ರತಿ ಬೆಳಿಗ್ಗೆ. ನಾನು ತಿದ್ದಿಲ್ಲ. ತಿದ್ದಿದರೆ ಬಟ್ಟಲನ್ನು ಹಿಂದಕ್ಕೆ ತೆಗೆದುಕೊಂಡಾಳು ಎನಿಸುತ್ತದೆ. ಶೆಫ್ಕೆತ್ ಅವರ ಅಡುಗೆಮನೆಯಲ್ಲೂ ಆ ಬಟ್ಟಲು ಹಿಡಿದು ಹಾಗೇ ಅಂದಳು. ಮರೆವು ಎನ್ನೋಣವೆಂದರೆ ಅವರ ಹೆಸರನ್ನು ಮೊದಲ ದಿನವೇ ಸರಿಯಾಗಿ ಹೇಳಿದ್ದಳು. ಹಬ್ಬಕ್ಕೆ ನೀನು ಬಂದಾಗ ನಾವಿಬ್ಬರೂ ಅವಳ ಎದುರಿಗೆ ಇರುತ್ತೇವೆ. ಅವಳು ಬಟ್ಟಲು ತುಂಬಿ "ತಗೋ ಸಬಿನಾ" ಎಂದರೆ, ನೀನು ತಕ್ಷಣ ಕೈ ಚಾಚಬೇಡ ಅಕ್ಕಾ. ಅವಳು ಯಾರನ್ನು ನೋಡಿ ಹೇಳುತ್ತಾಳೋ ನಾನು ಒಂದು ಸಲ ನೋಡಬೇಕು.